ಒಂದು ತಟ್ಟು, ಎರಡು ತಟ್ಟು

ನಿಮ್ಮ ಸ್ಮಾರ್ಟ್‌ಫೋನು ಇದ್ದಕ್ಕಿದ್ದಂತೆ ಮಾತಾಡತೊಡಗಿದೆ ಎಂದಿಟ್ಟುಕೊಳ್ಳಿ. ಎಲ್ಲಿ ಬೆರಳಿಟ್ಟರೂ ಅಲ್ಲಿರುವುದನ್ನು ಗಟ್ಟಿಯಾಗಿ ಓದುತ್ತದೆ. ಬೆರಳಿಟ್ಟ ಕಡೆ ಹಸಿರು ಗೆರೆಯ ಚೌಕಟ್ಟೊಂದು ಮೂಡುತ್ತದೆ. ಕೆಲವು ಫೋನುಗಳಲ್ಲಿ ಅದರ ಬಣ್ಣ ನೀಲಿ. ವಾಟ್ಸ್‌ಆ್ಯಪ್ ಮುಟ್ಟಿದರೆ ಅದರ ಹೆಸರು ಹೇಳುತ್ತದೆಯೇ ಹೊರತು ತೆರೆಯುವುದಿಲ್ಲ. ಪರದೆಯನ್ನು ಮೇಲಕ್ಕೆ ಸರಿಸಲು ಹೋದರೆ ಅದು ಸರಿಯುವುದಿಲ್ಲ. ಬೆಂಗಳೂರಿನಿಂದ ಮಗಳ ಕರೆ ಬಂದು ರಿಂಗಾಗುತ್ತಿದ್ದರೂ ಎತ್ತಲು ಆಗುತ್ತಿಲ್ಲ. ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡಿದರೂ ಅದೇ ಧ್ವನಿ, ಅದೇ ಚೌಕಟ್ಟು.

ಮೊದಲು ಸಮಾಧಾನ ತಂದುಕೊಳ್ಳಿ. ನಿಮ್ಮ ಫೋನು ಕೆಟ್ಟಿಲ್ಲ. ವೈರಸ್ ಹೊಕ್ಕಿಲ್ಲ, ಯಾರೂ ಹ್ಯಾಕ್ ಮಾಡಿಲ್ಲ. ಫೋನಿನೊಳಗೆ ಮೊದಲಿನಿಂದಲೂ ಇದ್ದ ಒಂದು ಸೌಲಭ್ಯ ಚಾಲೂ ಆಗಿದೆ, ಅಷ್ಟೆ. ಅದರ ಹೆಸರು ಟಾಕ್‌ಬ್ಯಾಕ್. ಅದನ್ನು ಆಫ್ ಮಾಡುವ ಕ್ರಮವನ್ನು ಇಲ್ಲಿ ನಿಧಾನವಾಗಿ, ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. ಫೋನಿನ ವಿಷಯದಲ್ಲಿ ನಿಮಗೆ ಮೊದಲೇ ಏನೂ ತಿಳಿದಿರಬೇಕಾಗಿಲ್ಲ.

ಕೊಡಗಿನಲ್ಲಿರುವವರು ಇದನ್ನು ಕಲಿತಿರಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮಲ್ಲಿ ಎಷ್ಟೋ ಮನೆಗಳು ಕಾಫಿ ತೋಟದ ನಡುವೆ ಒಂಟಿಯಾಗಿವೆ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾರೆ. ಮನೆಯಲ್ಲಿ ಇರುವವರು ವಯಸ್ಸಾದ ಇಬ್ಬರೇ. ಕಕ್ಕಡ ತಿಂಗಳ ಮಳೆಗೆ ಮರ ಬಿದ್ದು ತಂತಿ ತುಂಡಾದರೆ ದಿನಗಟ್ಟಲೆ ಕರೆಂಟಿಲ್ಲ. 2018ರ ಆಗಸ್ಟ್ ತಿಂಗಳ ಭೂಕುಸಿತವನ್ನು ಕಂಡವರಿಗೆ, ಕೈಯಲ್ಲಿರುವ ಫೋನು ಮಾತು ಕೇಳುವ ಸ್ಥಿತಿಯಲ್ಲಿರಬೇಕಾದದ್ದು ಎಷ್ಟು ಮುಖ್ಯ ಎಂದು ನಾನು ವಿವರಿಸಬೇಕಾಗಿಲ್ಲ. ಮೊಬೈಲ್ ಅಂಗಡಿಗೆ ಹೋಗಬೇಕೆಂದರೆ ಗೋಣಿಕೊಪ್ಪಕ್ಕೋ ಮಡಿಕೇರಿಗೋ ಕುಶಾಲನಗರಕ್ಕೋ ಬಸ್ಸು ಹಿಡಿಯಬೇಕು. ಪುತ್ತರಿ ಹಬ್ಬಕ್ಕೆ ಮಕ್ಕಳು ಬಂದಾಗ ಸರಿಮಾಡಿಕೊಡಲಿ ಎಂದು ಕಾಯುತ್ತಾ ಕೂರುವ ವಿಷಯವೂ ಇದಲ್ಲ.

ಈಗಲೇ ತೊಂದರೆಯಲ್ಲಿರುವವರಿಗೆ ಮೊದಲು ಹತ್ತಿರದ ದಾರಿಯನ್ನು ಹೇಳಿಬಿಡುತ್ತೇನೆ. ಫೋನಿನ ಅಂಚಿನಲ್ಲಿ ಧ್ವನಿ ಹೆಚ್ಚಿಸುವ ಮತ್ತು ತಗ್ಗಿಸುವ ಎರಡು ಗುಂಡಿಗಳಿವೆಯಲ್ಲ, ಅವೆರಡನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ಮನಸ್ಸಿನಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುವವರೆಗೆ ಬಿಡಬೇಡಿ. ಟಾಕ್‌ಬ್ಯಾಕ್ ಆಫ್ ಆಯಿತು ಎಂದು ಆ ಧ್ವನಿಯೇ ಹೇಳಿ ಸುಮ್ಮನಾದರೆ ನಿಮ್ಮ ಕೆಲಸ ಮುಗಿಯಿತು. ಎರಡು ಗುಂಡಿಗಳು ಒಂದೇ ಕ್ಷಣಕ್ಕೆ ಒತ್ತಿಕೊಳ್ಳಬೇಕು. ಒಂದು ಮೊದಲು, ಇನ್ನೊಂದು ಆಮೇಲೆ ಆದರೆ ಬರೀ ಸದ್ದು ಹೆಚ್ಚುಕಡಿಮೆಯಾಗುತ್ತದೆ. ಫೋನನ್ನು ಮೇಜಿನ ಮೇಲಿಟ್ಟು ಒತ್ತುವುದಕ್ಕಿಂತ ಅಂಗೈಯಲ್ಲಿ ಹಿಡಿದು ಹೆಬ್ಬೆರಳಿನ ಉದ್ದಕ್ಕೂ ಎರಡನ್ನೂ ಒತ್ತುವುದು ಸುಲಭ. ಸ್ಯಾಮ್‌ಸಂಗ್ ಫೋನುಗಳಲ್ಲಿ ಪಕ್ಕದ ಪವರ್ ಗುಂಡಿಯನ್ನೂ ಧ್ವನಿ ಹೆಚ್ಚಿಸುವ ಗುಂಡಿಯನ್ನೂ ಒಟ್ಟಿಗೆ ಒತ್ತುವ ಇನ್ನೊಂದು ದಾರಿಯನ್ನು ಇಟ್ಟುಕೊಳ್ಳಬಹುದು.

ಧ್ವನಿಯ ಎರಡು ಗುಂಡಿಗಳ ಈ ಜೋಡಿಯನ್ನು ಶಾರ್ಟ್‌ಕಟ್, ಅಂದರೆ ಅಡ್ಡದಾರಿ, ಎನ್ನುತ್ತಾರೆ. ನಿಮ್ಮ ಫೋನು ಮಾತಾಡಲು ಕಾರಣವೂ ಹೆಚ್ಚಿನ ಪಾಲು ಇದೇ. ಮೊಮ್ಮಗು ಫೋನನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿರುತ್ತದೆ. ಇಲ್ಲವೇ ಮಳೆ ಕೋಟಿನ ಕಿಸೆಯಲ್ಲಿ ಕತ್ತಿಯ ಹಿಡಿಯ ಜೊತೆ ಫೋನು ಒತ್ತಿಕೊಂಡಿರುತ್ತದೆ. ಆಗ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ; ಓದದೆ ಸರಿ ಎಂದು ಒತ್ತಿಬಿಡುತ್ತೇವೆ.

ಆದರೆ ಈ ಅಡ್ಡದಾರಿ ಎಲ್ಲ ಫೋನಿನಲ್ಲೂ ತೆರೆದಿರುವುದಿಲ್ಲ. ಆದ್ದರಿಂದ ಹೆದ್ದಾರಿಯನ್ನೂ ಕಲಿಯೋಣ. ಅದಕ್ಕೆ ಮೊದಲು ಟಾಕ್‌ಬ್ಯಾಕ್ ಎಂದರೇನು, ಅದು ನಿಮ್ಮ ಬೆರಳಿನ ಮಾತನ್ನು ಏಕೆ ಕೇಳುತ್ತಿಲ್ಲ ಎಂದು ತಿಳಿಯಬೇಕು. ಇದು ತಿಳಿದವರು ಯಾವ ಕಂಪನಿಯ ಫೋನು ಕೊಟ್ಟರೂ ದಾರಿ ಕಂಡುಕೊಳ್ಳುತ್ತಾರೆ. ಬರೀ ಹೆಜ್ಜೆಗಳನ್ನು ಬಾಯಿಪಾಠ ಮಾಡಿದವರು ಮುಂದಿನ ಫೋನಿನಲ್ಲಿ ಮತ್ತೆ ಸಿಕ್ಕಿಹಾಕಿಕೊಳ್ಳುತ್ತಾರೆ.

ಟಾಕ್‌ಬ್ಯಾಕ್ ಒಂದು ಸ್ಕ್ರೀನ್ ರೀಡರ್. ಸ್ಕ್ರೀನ್ ರೀಡರ್ ಎಂದರೆ ಪರದೆಯ ಮೇಲಿರುವುದನ್ನು ಧ್ವನಿಯಾಗಿ ಓದಿ ಹೇಳುವ ತಂತ್ರಾಂಶ. ಕಣ್ಣು ಕಾಣದವರು ಫೋನನ್ನೂ ಕಂಪ್ಯೂಟರನ್ನೂ ಬಳಸುವುದು ಇದರ ಬಲದಿಂದ. ಮೈಸೂರಿನಲ್ಲಿ 1901ರಲ್ಲೇ ಅಂಧ ಮತ್ತು ಕಿವುಡ ಮಕ್ಕಳಿಗಾಗಿ ಶಾಲೆ ಶುರುವಾಗಿತ್ತು. ಅಂಥ ಶಾಲೆಗಳಲ್ಲಿ ಓದಿದವರಿಗೆ ಬಹುಕಾಲ ಓದು ಎಂದರೆ ಬೆರಳಿಗೆ ತಾಗುವ ಉಬ್ಬು ಚುಕ್ಕಿಗಳ ಬ್ರೈಲ್ ಲಿಪಿ, ಇಲ್ಲವೇ ಇನ್ನೊಬ್ಬರು ಓದಿ ಹೇಳುವುದು. ಬಂದ ಪತ್ರವನ್ನು ಯಾರ ನೆರವೂ ಇಲ್ಲದೆ ತಾನೇ ಓದಿಕೊಳ್ಳುವುದು, ಬ್ಯಾಂಕಿನ ಖಾತೆಯಲ್ಲಿರುವ ಹಣವನ್ನು ತಾನೇ ನೋಡಿಕೊಳ್ಳುವುದು ಅವರಿಗೆ ಸಾಧ್ಯವಾದದ್ದು ಸ್ಕ್ರೀನ್ ರೀಡರ್ ಬಂದ ಮೇಲೆ. ನಿಮಗೆ ಈ ಹೊತ್ತು ಕಿರಿಕಿರಿ ಎನಿಸುವ ಧ್ವನಿ ಇನ್ನೊಬ್ಬರಿಗೆ ಕಣ್ಣು. ಇದನ್ನು ನಾನು ನನ್ನ ಬಳಿ ಕಲಿಯಲು ಬರುವ ಪ್ರತಿಯೊಬ್ಬರಿಗೂ ಮೊದಲೇ ಹೇಳುತ್ತೇನೆ.

ಟಾಕ್‌ಬ್ಯಾಕ್ ರೂಪುಗೊಂಡದ್ದರಲ್ಲಿ ನಮ್ಮ ದೇಶದವರೊಬ್ಬರ ಕೈಯಿದೆ ಎಂಬುದು ನಿಮಗೆ ಸಂತೋಷ ಕೊಡಬಹುದು. ಪುಣೆಯಲ್ಲಿ ಹುಟ್ಟಿದ ಟಿ. ವಿ. ರಾಮನ್ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯಿಂದ ಹದಿನಾಲ್ಕನೆಯ ವಯಸ್ಸಿಗೆ ದೃಷ್ಟಿ ಕಳೆದುಕೊಂಡರು. ಬಾಂಬೆ ಐಐಟಿಯಲ್ಲಿ ಕಂಪ್ಯೂಟರ್ ವಿಜ್ಞಾನ ಓದಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1994ರಲ್ಲಿ ಡಾಕ್ಟರೇಟ್ ಪಡೆದರು. ಗಣಿತದ ಸೂತ್ರಗಳಿಂದ ತುಂಬಿದ ಬರಹವನ್ನು ಕಂಪ್ಯೂಟರು ಅರ್ಥವಾಗುವಂತೆ ಓದಿ ಹೇಳುವುದು ಹೇಗೆ ಎಂಬುದೇ ಅವರ ಸಂಶೋಧನೆಯ ವಿಷಯ. ಮುಂದೆ ಗೂಗಲ್ ಸೇರಿದ ಅವರು ಚಾರ್ಲ್ಸ್ ಚೆನ್ ಎಂಬ ಸಹೋದ್ಯೋಗಿಯ ಜೊತೆ, ಕಣ್ಣಿನ ಹಂಗಿಲ್ಲದೆ ಆಂಡ್ರಾಯ್ಡ್ ಫೋನು ಬಳಸುವ ದಾರಿಗಳನ್ನು ಹುಡುಕಿದರು. 2009ರಲ್ಲಿ ಆಂಡ್ರಾಯ್ಡಿಗೆ ಟಾಕ್‌ಬ್ಯಾಕ್ ಬಂತು. ಅದೇ ವರ್ಷ ಐಫೋನಿಗೂ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರ್ ಬಂತು.

ಆಗ ಎದುರಾದ ದೊಡ್ಡ ತೊಡಕನ್ನು ಸ್ವಲ್ಪ ಯೋಚಿಸಿ ನೋಡಿ. ಹಳೆಯ ಫೋನಿನಲ್ಲಿ ಗುಂಡಿಗಳಿದ್ದವು. ತಡವಿದರೆ ಕೈಗೆ ತಿಳಿಯುತ್ತಿತ್ತು. ಸ್ಮಾರ್ಟ್‌ಫೋನಿನ ಮುಖವಾದರೋ ನುಣುಪಾದ ಗಾಜು. ಎಲ್ಲಿ ಏನಿದೆ ಎಂದು ಬೆರಳಿಗೆ ಗೊತ್ತಾಗುವುದಿಲ್ಲ. ಮುಟ್ಟಿದ ಕೂಡಲೇ ತೆರೆದುಕೊಂಡುಬಿಟ್ಟರೆ, ಕಣ್ಣು ಕಾಣದವರು ಹುಡುಕುವುದಾದರೂ ಹೇಗೆ? ಕರೆಂಟು ಹೋದ ರಾತ್ರಿ ನೀವು ಗೂಡಿನಲ್ಲಿ ಬೆಂಕಿಪೊಟ್ಟಣ ಹುಡುಕುವುದನ್ನು ನೆನೆದುಕೊಳ್ಳಿ. ಮೊದಲು ಕೈಯಾಡಿಸಿ ಇದು ಡಬ್ಬಿ, ಇದು ಮೇಣದ ಬತ್ತಿ ಎಂದು ಗುರುತಿಸುತ್ತೀರಿ. ಪೊಟ್ಟಣ ಸಿಕ್ಕ ಮೇಲಷ್ಟೇ ಎತ್ತಿಕೊಳ್ಳುತ್ತೀರಿ. ಸ್ಕ್ರೀನ್ ರೀಡರ್ ಮಾಡಿದ್ದೂ ಅದನ್ನೇ. ಮುಟ್ಟುವುದನ್ನು ಅದು ಎರಡಾಗಿ ಒಡೆಯಿತು. ಒಂದು ಸಲ ಮುಟ್ಟಿದರೆ ಇದು ಏನು ಎಂದು ಕೇಳಿದಂತೆ. ಎರಡು ಸಲ ಬೇಗಬೇಗ ತಟ್ಟಿದರೆ ಇದನ್ನು ಮಾಡು ಎಂದು ಹೇಳಿದಂತೆ. ಆಂಡ್ರಾಯ್ಡಿನಲ್ಲಿ ಹೀಗೆ ಬೆರಳಾಡಿಸಿ ಹುಡುಕುವ ಅನುಕೂಲ 2011ರ ನಾಲ್ಕನೆಯ ಆವೃತ್ತಿಯಲ್ಲಿ ಬಂತು.

ನೀವು ನೆನಪಿಡಬೇಕಾದದ್ದು ಈ ಒಂದು ನಿಯಮವನ್ನು ಮಾತ್ರ. ಒಂದು ತಟ್ಟು ಕೇಳುವುದಕ್ಕೆ, ಎರಡು ತಟ್ಟು ಮಾಡಿಸುವುದಕ್ಕೆ. ಟಾಕ್‌ಬ್ಯಾಕ್ ಚಾಲೂ ಇರುವಾಗ ನಿಮ್ಮ ಫೋನು ಹಠ ಹಿಡಿದಿರುವುದಿಲ್ಲ. ನೀವು ಒಂದೇ ಸಲ ಮುಟ್ಟಿ ಕೇಳುತ್ತಿದ್ದೀರಿ, ಅದು ಶ್ರದ್ಧೆಯಿಂದ ಉತ್ತರಿಸುತ್ತಿದೆ.

ಇದರ ಜೊತೆಗೆ ಇನ್ನೊಂದು ಸಣ್ಣ ವಿಷಯ ಸೇರಿಸಿಕೊಳ್ಳಿ. ಒಂದು ಬೆರಳು ಹುಡುಕುವ ಕೆಲಸಕ್ಕೆ ಹೋದ ಕಾರಣ, ಪರದೆಯನ್ನು ಸರಿಸುವ ಕೆಲಸಕ್ಕೆ ಎರಡು ಬೆರಳು ಬೇಕು. ತೋರುಬೆರಳು ಮತ್ತು ನಡುಬೆರಳನ್ನು ತುಸು ದೂರ ಇಟ್ಟು, ಎರಡನ್ನೂ ಒಟ್ಟಿಗೆ ಗಾಜಿನ ಮೇಲೂರಿ, ಒಟ್ಟಿಗೆ ಮೇಲಕ್ಕೆ ಎಳೆಯಿರಿ. ಬೆರಳುಗಳು ಅಂಟಿಕೊಂಡಿದ್ದರೆ ಫೋನು ಒಂದೇ ಬೆರಳೆಂದು ತಿಳಿಯುತ್ತದೆ. ಕೈ ಒಣಗಿರಲಿ. ಒದ್ದೆ ಬೆರಳನ್ನೂ ಕಾಫಿ ಹಣ್ಣು ಕುಯ್ದು ಅಂಟಂಟಾದ ಬೆರಳನ್ನೂ ಗಾಜು ಸರಿಯಾಗಿ ಗುರುತಿಸುವುದಿಲ್ಲ. ಬಟ್ಟೆಯಲ್ಲಿ ಕೈಯನ್ನೂ ಗಾಜನ್ನೂ ಒರೆಸಿಕೊಂಡು ಕುಳಿತುಕೊಳ್ಳಿ.

ಈಗ ಹೆದ್ದಾರಿ. ಮೊದಲು ಫೋನಿನ ಲಾಕ್ ತೆಗೆಯಬೇಕು. ಬೆರಳಚ್ಚು ಇಟ್ಟುಕೊಂಡಿದ್ದರೆ ಅದು ಎಂದಿನಂತೆಯೇ ಕೆಲಸ ಮಾಡುತ್ತದೆ. ಪಿನ್ ಸಂಖ್ಯೆ ಇದ್ದರೆ, ಪರದೆಯ ಕೆಳಗಿನಿಂದ ಎರಡು ಬೆರಳನ್ನು ಮೇಲಕ್ಕೆ ಎಳೆಯಿರಿ, ಅಂಕೆಗಳು ಬರುತ್ತವೆ. ಬೇಕಾದ ಅಂಕೆಯನ್ನು ಮುಟ್ಟಿ, ಆಮೇಲೆ ಎರಡು ಸಲ ತಟ್ಟಿ. ಕೆಲವು ಫೋನುಗಳಲ್ಲಿ ಅಂಕೆಯ ಮೇಲಿಟ್ಟ ಬೆರಳನ್ನು ಎತ್ತಿದೊಡನೆಯೇ ಅದು ಬಿದ್ದುಬಿಡುತ್ತದೆ, ತಟ್ಟುವುದು ಬೇಕಾಗುವುದಿಲ್ಲ. ಮೊದಲ ಅಂಕೆಯಲ್ಲೇ ನಿಮ್ಮದು ಯಾವ ಬಗೆ ಎಂದು ನೋಡಿಕೊಂಡು ಮುಂದುವರಿಯಿರಿ. ಫೋನು ಅಂಕೆಯ ಹೆಸರು ಹೇಳದೆ ಬರೀ ಚುಕ್ಕಿ ಎಂದರೆ ಗಾಬರಿಯಾಗಬೇಡಿ. ಪಕ್ಕದಲ್ಲಿರುವವರಿಗೆ ನಿಮ್ಮ ಪಿನ್ ಕೇಳಿಸಬಾರದೆಂದು ಹಾಗೆ ಮಾಡುತ್ತದೆ.

ಲಾಕ್ ತೆರೆದ ಮೇಲೆ ಸೆಟ್ಟಿಂಗ್ಸ್ ಹುಡುಕಬೇಕು. ಹಲ್ಲಿನ ಚಕ್ರದ ಚಿತ್ರವಿರುವ ಗುರುತು ಅದು. ಅದನ್ನು ಒಂದು ಸಲ ಮುಟ್ಟಿ, ಕೈ ತೆಗೆಯಿರಿ. ಹಸಿರು ಚೌಕಟ್ಟು ಅದರ ಸುತ್ತ ಬಂತೇ ನೋಡಿ. ಧ್ವನಿ ಸೆಟ್ಟಿಂಗ್ಸ್ ಎಂದು ಹೇಳುತ್ತದೆ, ಕ್ಷಣ ಬಿಟ್ಟು, ತೆರೆಯಲು ಎರಡು ಸಲ ತಟ್ಟಿ ಎಂಬ ಅರ್ಥದ ಮಾತನ್ನೂ ಸೇರಿಸುತ್ತದೆ. ಅದು ಹೇಳಿ ಮುಗಿಸಲಿ, ಅವಸರವಿಲ್ಲ. ಆಮೇಲೆ ಎರಡು ಸಲ ತಟ್ಟಿ. ಇಲ್ಲಿ ಹೊಸಬರಿಗೆ ತಿಳಿಯದ ಒಂದು ಗುಟ್ಟಿದೆ. ಎರಡು ತಟ್ಟನ್ನು ಅದೇ ಗುರುತಿನ ಮೇಲೆ ಹಾಕಬೇಕಾಗಿಲ್ಲ. ಚೌಕಟ್ಟು ಬೇಕಾದ ಕಡೆ ಇದ್ದರೆ ಸಾಕು, ಪರದೆಯ ಯಾವ ಮೂಲೆಯಲ್ಲಿ ತಟ್ಟಿದರೂ ಆ ಅಪ್ಪಣೆ ಚೌಕಟ್ಟಿನೊಳಗೆ ಇರುವುದಕ್ಕೇ ಸಲ್ಲುತ್ತದೆ. ಹಾಗಾಗಿ ಗುರಿಯಿಟ್ಟು ತಟ್ಟುವ ಕಷ್ಟ ಬೇಡ. ತಟ್ಟು ಹಗುರಾಗಿರಲಿ, ಬೇಗಬೇಗ ಬೀಳಲಿ, ನಡುವೆ ಬೆರಳು ಗಾಜಿನಿಂದ ಪೂರ್ತಿ ಮೇಲೇಳಲಿ. ವಯಸ್ಸಾದವರಲ್ಲಿ ಮೊದಲ ತಟ್ಟಿಗೂ ಎರಡನೆಯದಕ್ಕೂ ನಡುವೆ ಅಂತರ ಹೆಚ್ಚಾಗಿ, ಫೋನು ಅದನ್ನು ಎರಡು ಬಿಡಿ ಪ್ರಶ್ನೆಗಳೆಂದು ತಿಳಿಯುವುದು ಸಾಮಾನ್ಯ. ಅಂಥವರು ಮೊದಲು ಮೇಜಿನ ಮೇಲೆ ಬೆರಳಿನಿಂದ ಟಕಟಕ ಎಂದು ಎರಡೆರಡು ಸಲ ತಟ್ಟಿ ರೂಢಿ ಮಾಡಿಕೊಳ್ಳಲಿ.

ಸೆಟ್ಟಿಂಗ್ಸ್ ತೆರೆದ ಮೇಲೆ ಉದ್ದವಾದ ಪಟ್ಟಿ ಕಾಣುತ್ತದೆ. ಎರಡು ಬೆರಳಿನಿಂದ ಸರಿಸುತ್ತಾ ಆ್ಯಕ್ಸೆಸಿಬಿಲಿಟಿ ಎಂಬುದನ್ನು ಹುಡುಕಿ. ಫೋನಿನ ಭಾಷೆ ಕನ್ನಡವಾಗಿದ್ದರೆ ಅದು ಪ್ರವೇಶಿಸುವಿಕೆ ಎಂದೂ ಇರಬಹುದು. ಕೈಗಳನ್ನು ಚಾಚಿ ನಿಂತ ಮನುಷ್ಯನ ಚಿತ್ರ ಅದರ ಗುರುತು. ಅಂಗವಿಕಲರಿಗೂ ಹಿರಿಯರಿಗೂ ನೆರವಾಗುವ ಸೌಲಭ್ಯಗಳೆಲ್ಲ ಇರುವ ಕೋಣೆ ಇದು. ಮುಟ್ಟಿ, ಎರಡು ಸಲ ತಟ್ಟಿ ಒಳಗೆ ಹೋಗಿ. ಅಲ್ಲಿ ಟಾಕ್‌ಬ್ಯಾಕ್ ಎಂಬ ಸಾಲನ್ನು ಮುಟ್ಟಿ, ಎರಡು ಸಲ ತಟ್ಟಿ. ಈಗ ಕಾಣುವ ಸ್ವಿಚ್ಚನ್ನು ಮುಟ್ಟಿ, ಎರಡು ಸಲ ತಟ್ಟಿ. ಬಹಳ ಜನ ಇಲ್ಲಿಗೆ ಕೆಲಸ ಆಯಿತೆಂದು ನಿಲ್ಲಿಸುತ್ತಾರೆ. ಆಗಿಲ್ಲ. ನಿಜವಾಗಿಯೂ ನಿಲ್ಲಿಸಬೇಕೇ ಎಂದು ಫೋನು ಒಂದು ಸಣ್ಣ ಪೆಟ್ಟಿಗೆಯಲ್ಲಿ ಕೇಳುತ್ತದೆ. ಕಣ್ಣು ಕಾಣದವರು ಕೈತಪ್ಪಿ ಆಫ್ ಮಾಡಿಕೊಂಡರೆ ಅವರ ಪಾಲಿಗೆ ಫೋನೇ ಮುಚ್ಚಿಹೋದಂತೆ. ಅದಕ್ಕೇ ಈ ಎಚ್ಚರಿಕೆ. ಆ ಪೆಟ್ಟಿಗೆಯಲ್ಲಿನ ಒಪ್ಪಿಗೆಯ ಗುಂಡಿಯನ್ನು ಮುಟ್ಟಿ, ಕೊನೆಯ ಬಾರಿಗೆ ಎರಡು ಸಲ ತಟ್ಟಿ. ಚೌಕಟ್ಟು ಮಾಯವಾಗುತ್ತದೆ, ಧ್ವನಿ ನಿಲ್ಲುತ್ತದೆ, ಫೋನು ಮೊದಲಿನಂತಾಗುತ್ತದೆ.

ಇದರ ನಡುವೆ ಕರೆ ಬಂದರೆ? ಎರಡು ಬೆರಳಿನಿಂದ ಎರಡು ಸಲ ತಟ್ಟಿ. ಈಚಿನ ಫೋನುಗಳಲ್ಲಿ ಕರೆ ಎತ್ತುವುದಕ್ಕೂ ಮುಗಿಸುವುದಕ್ಕೂ ಇದೇ ಸನ್ನೆ. ಬೆಂಗಳೂರಿನಲ್ಲಿರುವ ಮಗಳಿಗೆ ಈ ಹೆಜ್ಜೆಗಳು ಗೊತ್ತಿದ್ದರೆ, ಮನೆಯ ಇನ್ನೊಂದು ಫೋನಿಗೆ ಕರೆ ಮಾಡಿ ಅಪ್ಪನಿಗೆ ಅವನ್ನು ಬಾಯಲ್ಲೇ ಹೇಳಿಕೊಡಬಹುದು. ಹೇಳಿಕೊಡುವವರಿಗೂ ಒಂದು ಮಾತು: ಅವರು ಈಗ ಯಾವ ಪುಟದಲ್ಲಿದ್ದಾರೆ ಎಂದು ಕೇಳಬೇಡಿ, ಫೋನು ಈಗ ಏನೆಂದು ಓದಿತು ಎಂದು ಕೇಳಿ. ದೂರದಿಂದಲೇ ನಿಮಗೆ ಎಲ್ಲ ಅರ್ಥವಾಗುತ್ತದೆ.

ಗೂಗಲ್ ಅಸಿಸ್ಟೆಂಟ್ ಬಳಸಿ ಗೊತ್ತಿದ್ದವರು ಟಾಕ್‌ಬ್ಯಾಕ್ ಆಫ್ ಮಾಡು ಎಂದು ಇಂಗ್ಲಿಷಿನಲ್ಲಿ ಬಾಯಲ್ಲೇ ಹೇಳಿಯೂ ನೋಡಬಹುದು. ಅದಕ್ಕೆ ಸಾಮಾನ್ಯವಾಗಿ ಇಂಟರ್‌ನೆಟ್ ಬೇಕು. ಮಳೆಗಾಲದಲ್ಲಿ ನಮ್ಮ ಟವರುಗಳನ್ನು ನಂಬಿ ಈ ಒಂದೇ ದಾರಿಯನ್ನು ಕಲಿಯುವುದು ಸರಿಯಲ್ಲ.

ಐಫೋನ್ ಇರುವವರಿಗೆ ನಿಯಮ ಅದೇ, ಹೆಸರು ಮಾತ್ರ ವಾಯ್ಸ್‌ಓವರ್. ಪಕ್ಕದ ಗುಂಡಿಯನ್ನು ಬೇಗಬೇಗ ಮೂರು ಸಲ ಒತ್ತಿ. ಮುಖದಲ್ಲಿ ದುಂಡು ಗುಂಡಿಯಿರುವ ಹಳೆಯ ಮಾದರಿಯಾದರೆ ಅದನ್ನೇ ಮೂರು ಸಲ. ಈ ಅಡ್ಡದಾರಿ ಮೊದಲೇ ಇಟ್ಟಿರದಿದ್ದರೆ ಸಿರಿ ಎಂಬ ಧ್ವನಿ ಸಹಾಯಕಕ್ಕೆ ಹೇಳಬಹುದು, ಇಲ್ಲವೇ ಸೆಟ್ಟಿಂಗ್ಸ್, ಆ್ಯಕ್ಸೆಸಿಬಿಲಿಟಿ, ವಾಯ್ಸ್‌ಓವರ್ ಎಂಬ ಹಾದಿಯಲ್ಲಿ ಹೋಗಬಹುದು. ಪುಟ ಸರಿಸಲು ಇಲ್ಲಿ ಮೂರು ಬೆರಳು ಬೇಕು. ಐಫೋನ್ ಮಾತಾಡುತ್ತಿದ್ದು ಪರದೆ ಪೂರ್ತಿ ಕಪ್ಪಾಗಿದ್ದರೆ ಗಾಜು ಹೋಯಿತೆಂದು ಹೆದರಬೇಡಿ. ಪಕ್ಕದವರು ಇಣುಕದಿರಲಿ ಎಂದು ಪರದೆಯನ್ನು ಮರೆಮಾಡುವ ಸೌಲಭ್ಯವದು. ಮೂರು ಬೆರಳಿನಿಂದ ಮೂರು ಸಲ ತಟ್ಟಿದರೆ ಸಾಮಾನ್ಯವಾಗಿ ಬೆಳಕು ಮರಳುತ್ತದೆ.

ಫೋನು ಸುಮ್ಮನಾದ ಮೇಲೆ ಇನ್ನೆರಡು ಕೆಲಸಗಳಿವೆ. ಟಾಕ್‌ಬ್ಯಾಕ್ ಪುಟದಲ್ಲೇ ಶಾರ್ಟ್‌ಕಟ್ ಎಂಬ ಇನ್ನೊಂದು ಸ್ವಿಚ್ ಇರುತ್ತದೆ. ಅದನ್ನು ಮುಚ್ಚಿದರೆ ಗುಂಡಿಗಳು ಕೈತಪ್ಪಿ ಒತ್ತಿಕೊಂಡರೂ ಧ್ವನಿ ಬರುವುದಿಲ್ಲ. ಬಹಳ ಜನ ಮುಚ್ಚಿ ಎಂದೇ ಸಲಹೆ ಕೊಡುತ್ತಾರೆ. ನಾನು ತೆರೆದಿಡಿ ಎನ್ನುತ್ತೇನೆ. ಯಾವ ಗುಂಡಿಗಳಿಂದ ಟಾಕ್‌ಬ್ಯಾಕ್ ಬಂದಿತೋ ಅವೇ ಗುಂಡಿಗಳಿಂದ ಅದನ್ನು ನಿಲ್ಲಿಸಬಹುದು ಎಂದು ತಿಳಿದವರಿಗೆ ಭಯವಿರುವುದಿಲ್ಲ.

ಎರಡನೆಯ ಕೆಲಸ ಸುರಕ್ಷತೆಯದು. ಆ್ಯಕ್ಸೆಸಿಬಿಲಿಟಿಯ ಅನುಮತಿ ಪಡೆದ ತಂತ್ರಾಂಶಕ್ಕೆ ಪರದೆಯನ್ನು ಓದುವ, ನಿಮ್ಮ ಪರವಾಗಿ ಒತ್ತುವ ಶಕ್ತಿ ಇರುತ್ತದೆ. ಟಾಕ್‌ಬ್ಯಾಕಿಗೆ ಅದು ಬೇಕೇ ಬೇಕು. ಆದರೆ ಬ್ಯಾಂಕಿನ ಹಣ ಕದಿಯುವ ಕಳ್ಳ ಆ್ಯಪ್‌ಗಳೂ ಇದೇ ಅನುಮತಿಯನ್ನು ಕೇಳುತ್ತವೆ. ಆ ಕೋಣೆಯಲ್ಲಿ ನೀವು ಹಾಕಿದ ನೆನಪಿಲ್ಲದ ಆ್ಯಪ್‌ನ ಹೆಸರು ಆನ್ ಎಂದು ಕಂಡರೆ ಆಫ್ ಮಾಡಿ, ಗೊತ್ತಿರುವವರಿಗೆ ತೋರಿಸಿ. ಟಾಕ್‌ಬ್ಯಾಕ್ ನಿಲ್ಲಿಸಿಕೊಡುತ್ತೇವೆ ಎಂದು ಕರೆ ಮಾಡಿ ಇನ್ನೊಂದು ಆ್ಯಪ್ ಹಾಕಿಸುವವರನ್ನು ನಂಬಬೇಡಿ. ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡುವ ಫ್ಯಾಕ್ಟರಿ ರೀಸೆಟ್ ಕೂಡ ಇದಕ್ಕೆ ಬೇಡ. ಫೋಟೊಗಳೂ ಫೋನ್ ನಂಬರುಗಳೂ ಹೋದಾವು.

ಈಗ ನಿಮಗೆ ಟಾಕ್‌ಬ್ಯಾಕ್ ನಡೆಸಲು ಬರುತ್ತದೆ ಎಂಬುದನ್ನು ಗಮನಿಸಿ. ಆಫ್ ಮಾಡುವುದಕ್ಕಾಗಿ ನೀವು ಕಲಿತ ಸನ್ನೆಗಳಿಂದಲೇ ಕಣ್ಣು ಕಾಣದವರು ದಿನವಿಡೀ ಫೋನು ಬಳಸುತ್ತಾರೆ. ನಿಮ್ಮ ಮನೆಯಲ್ಲೋ ಒಕ್ಕದಲ್ಲೋ, ಅಂದರೆ ಮನೆತನದಲ್ಲೋ, ಗ್ಲಾಕೋಮಾದಿಂದ, ಸಕ್ಕರೆ ಕಾಯಿಲೆಯಿಂದ ದೃಷ್ಟಿ ಮಂಜಾಗಿ, ಫೋನು ತನಗಲ್ಲ ಎಂದು ಬದಿಗಿಟ್ಟವರು ಇದ್ದರೆ, ಅವರ ಪಕ್ಕ ಕುಳಿತು ಒಂದು ತಟ್ಟು, ಎರಡು ತಟ್ಟಿನ ನಿಯಮವನ್ನು ಕಲಿಸಿ. ಅವರ ಫೋನಿನಲ್ಲಿ ಎರಡು ಬದಲಾವಣೆ ಮಾಡಿಕೊಡಿ. ಹಲವು ಫೋನುಗಳಲ್ಲಿ ಆ್ಯಕ್ಸೆಸಿಬಿಲಿಟಿಯ ಒಳಗೇ ಬರಹವನ್ನು ಧ್ವನಿಯಾಗಿಸುವ ಟೆಕ್ಸ್ಟ್ ಟು ಸ್ಪೀಚ್ ಎಂಬ ಸಾಲು ಇರುತ್ತದೆ. ಅಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಮಾತಿನ ವೇಗವನ್ನು ಅವರಿಗೆ ಹಿತವಾಗುವಷ್ಟು ತಗ್ಗಿಸಿ. ಗೂಗಲ್‌ನ ಕನ್ನಡ ಧ್ವನಿ ದಿನಪತ್ರಿಕೆಯ ಸುದ್ದಿಯನ್ನು ಚೆನ್ನಾಗಿಯೇ ಓದುತ್ತದೆ.

ಕೊಡವ ತಕ್ಕಿಗೆ, ಅಂದರೆ ಕೊಡವ ಭಾಷೆಗೆ, ಇಂಥ ಧ್ವನಿ ಇನ್ನೂ ಬಂದಿಲ್ಲ. ಆದರೂ ಕೊಡವ ಸಂದೇಶವನ್ನು ಕನ್ನಡ ಲಿಪಿಯಲ್ಲಿ ಬರೆದರೆ ಕನ್ನಡದ ಧ್ವನಿ ಅದನ್ನು ತನ್ನ ಉಚ್ಚಾರದಲ್ಲಿ ಓದುತ್ತದೆ. ಕೆಲವು ಸ್ವರಗಳು ಕೆಡುತ್ತವೆ, ಅರ್ಥ ಸಾಮಾನ್ಯವಾಗಿ ಕೆಡುವುದಿಲ್ಲ. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕೇಳುವವರಿಗೆ ಅರ್ಥ ಹಿಡಿಯುವುದು ಕಷ್ಟ. ಅರೆಭಾಷೆಗೂ ಇದೇ ಮಾತು ಸಲ್ಲುತ್ತದೆ. ಅಜ್ಜಿಗೆ ವಾಟ್ಸ್‌ಆ್ಯಪ್ ಸಂದೇಶ ಕಳಿಸುವ ಮೊಮ್ಮಕ್ಕಳಿಗೆ ಕನ್ನಡ ಅಕ್ಷರದಲ್ಲೇ ಟೈಪ್ ಮಾಡಲು ಹೇಳಿ.